ಮೌನೇಶನ ಫೋನಿನೊಳಗಿನ ಗೆಳೆಯರು

ಮೌನೇಶ,

ನೀನು ಸಿಲಿಂಡರ್ ತರಲು ಹೋಗುವಾಗ ಫೋನನ್ನು ಚಾರ್ಜಿಗೆ ಹಾಕಿ ಹೋಗಿದ್ದೆ. ಅದು ಒಂದೇ ಸಮನೆ ಬಡಿದುಕೊಳ್ಳುತ್ತಿದೆ ಎಂದು ನಾನೇ ಎತ್ತಿದೆ. ಸಿಟ್ಟಾಗಬೇಡ.

ಪರದೆಯ ತುಂಬ ನಿನ್ನ ವಯಸ್ಸಿನವರ ಮುಖಗಳು. ಕನ್ನಡಕದ ಮೇಡಂ ಒಬ್ಬರು, "ಸಿಗರೇಟ್ ಬಿಡೋರ ಆನ್‌ಲೈನ್ ಕ್ಲಾಸ್ ಇದು. ಮೌನೇಶ್ ಇಲ್ವಾ?" ಎಂದರು. ನೀನು ಬಿಡುತ್ತಿರುವ ವಿಷಯವೇ ನನಗೆ ಗೊತ್ತಿರಲಿಲ್ಲ. ನೀನು ಮೂಲೆಯಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುವುದನ್ನು ಕಂಡು, ಯಾರೋ ಹುಡುಗಿ ಎಂದುಕೊಂಡಿದ್ದೆ.

ಇಟ್ಟಮಡುವಿನ ಹುಡುಗನೊಬ್ಬ ತನ್ನ ಆಟೋದಲ್ಲೇ ಕುಳಿತಿದ್ದ. "ಅಕ್ಕ, ಸೇದ್ಬೇಕು ಅನ್ಸಿದಾಗೆಲ್ಲ ನಾನು ಮೌನೇಶಂಗೇ ಫೋನ್ ಮಾಡೋದು. ಅವನು ಮಾತಾಡ್ತಾ ಇದ್ರೆ ಆಸೆ ಹೋಗ್ಬಿಡುತ್ತೆ," ಎಂದ. ನಮ್ಮ ಮೌನೇಶನೇನಾ ಎಂದು ಮತ್ತೆ ಕೇಳಿದೆ. ಮನೆಯಲ್ಲಿ ನಿನ್ನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನನಗೆ ಸಾಕುಸಾಕಾಗುತ್ತದೆ. ಅವನಿಗೆ ಅಷ್ಟೊತ್ತು ಏನು ಹೇಳುತ್ತೀ?

ಅವರ ಮಾತು ಕೇಳುತ್ತ ನಿಂತು ಜಯನಗರದ ಬಸ್ ತಪ್ಪಿಸಿಕೊಂಡೆ. ಕೆಲಸಕ್ಕೆ ತಡವಾಯಿತೆಂದು ಕ್ಲಿನಿಕ್ಕಿನಲ್ಲಿ ಇವತ್ತು ಬೈಸಿಕೊಳ್ಳುತ್ತೇನೆ.

ಅನ್ನ ಕುಕ್ಕರಿನಲ್ಲಿದೆ. ಸಾರು ಬಿಸಿ ಮಾಡಿಕೊ. ಅದಕ್ಕೂ ಮೊದಲು ಆ ಆಟೋ ಹುಡುಗನಿಗೆ ಫೋನ್ ಮಾಡು. ನಿನ್ನೆ ಮತ್ತೆ ಸೇದಿದನಂತೆ, ಕ್ಲಾಸೇ ಬಿಡುತ್ತೇನೆ ಎನ್ನುತ್ತಿದ್ದ. ಮೇಡಂ ಎಷ್ಟು ಹೇಳಿದರೂ, "ಮೌನೇಶ್ ಬರ್ಲಿ, ಆಮೇಲೆ ನೋಡ್ತೀನಿ," ಎಂದ.

ಒಂದು ವಿಷಯ ಅವರನ್ನು ಕೇಳಬೇಕೆನಿಸಿತು, ಕೇಳಲಿಲ್ಲ. ನಿನಗೆ ಸೇದಬೇಕೆನಿಸಿದಾಗ ನೀನು ಯಾರಿಗೆ ಫೋನ್ ಮಾಡುತ್ತೀ? ಯಾರೂ ಇಲ್ಲದಿದ್ದರೆ ನನಗೆ ಮಾಡು. ಕ್ಲಿನಿಕ್ಕಿನ ಕೌಂಟರಿನಲ್ಲಿ ಎಷ್ಟೇ ಜನರಿದ್ದರೂ ಎತ್ತುತ್ತೇನೆ.

ಅಕ್ಕ