ಅಮ್ಮನ ದನಿಯ ಮೇಲೆ ಕೂತ ದೂರು

ಫೆಬ್ರವರಿ ಮೂವತ್ತೊಂದು, ಇಸವಿ 2391

ಹಿಂದಿನವರಾದ ನಿಮಗೆ ಮುಂದಿನವನ ನಮಸ್ಕಾರ. ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಫೆಬ್ರವರಿಗೂ ಬಡ್ತಿ ಸಿಕ್ಕಿದೆ. ನನ್ನ ಕನ್ನಡ ಕಿವಿಗೆ ವಕ್ರವೆನಿಸಿದರೆ ಕ್ಷಮಿಸಿ, ನಿಮ್ಮದೂ ನಮಗೆ ಹಾಗೇ ಕೇಳುತ್ತದೆ.

ನಮ್ಮ ಊರಿಗೆಲ್ಲ ಒಂದೇ ಕಣಜ. ಕಾಳಿನದಲ್ಲ, ಊರವರ ದನಿ, ಚಿತ್ರ, ಪತ್ರಗಳನ್ನೆಲ್ಲ ತುಂಬಿಡುವ ಯಂತ್ರ. ಅದು ಪ್ರತಿ ಕಡತವನ್ನೂ ತುಂಡು ಮಾಡಿ, ಖಾಲಿ ಕಂಡ ಗೂಡುಗಳಿಗೆ ತುರುಕಿ, ಯಾವ ತುಂಡು ಯಾವ ಗೂಡಿನಲ್ಲಿದೆ ಎಂಬ ವಿಳಾಸವನ್ನು ಬಾಗಿಲ ಬಳಿಯ ಸೂಚಿಯಲ್ಲಿ ಬರೆದುಕೊಳ್ಳುತ್ತದೆ. ಅಳಿಸು ಎಂದರೆ ಗೂಡಿನ ಹತ್ತಿರವೂ ಸುಳಿಯುವುದಿಲ್ಲ. ಸೂಚಿಯಲ್ಲಿ ವಿಳಾಸ ಹೊಡೆದುಹಾಕಿ, ಗೂಡು ಖಾಲಿ ಎಂದು ಸುಳ್ಳು ಹೇಳಿ ಸುಮ್ಮನಾಗುತ್ತದೆ. ವಿಳಾಸ ಕಳೆದುಕೊಂಡ ಕಡತ ಒಳಗೆ ವಿಲಾಸವಾಗಿ ಬಿದ್ದಿರುತ್ತದೆ, ಇನ್ನೊಂದು ಬಂದು ಮೇಲೆ ಕೂರುವವರೆಗೆ. ಈ ಸೋಮಾರಿತನ ನಿಮ್ಮ ಕಾಲದ್ದೇ ಬಳುವಳಿಯಂತೆ.

ನನ್ನ ಅತ್ತಿಗೆ ವಾರಿಜಾಕ್ಷಿಯವರ ತಾಯಿ ಸಾಯುವ ಮುನ್ನ ತಮ್ಮ ಮಾಳಿಗೆತೋಟ ಮಗಳಿಗೇ ಸೇರಬೇಕೆಂದು ದನಿಯಲ್ಲಿ ಹೇಳಿಟ್ಟಿದ್ದರು. ಮಾಳಿಗೆತೋಟವೆಂದರೆ, ನೆಲವೇ ಉಳಿಯದ ನಮ್ಮೂರಿನಲ್ಲಿ ಮೆಣಸಿನಕಾಯಿ ಬೆಳೆಯುವ ತಾರಸಿ. ಕಳೆದ ತಿಂಗಳು ಆ ದನಿ ಸೂಚಿಯಿಂದ ಮಾಯವಾಯಿತು. ಕಡತ ಅಳಿಸಿದವರು ಅತ್ತಿಗೆಯನ್ನೂ ಅಳಿಸಿದರು. ಕಣಜದ ಮೇಲ್ವಿಚಾರಕ ಗುರುಮಲ್ಲಪ್ಪನವರು ಮಾತ್ರ ಬಲು ಕರುಣಾಳು. ಅದೇ ತಾರಸಿಯ ಮೇಲೆ ಅವರ ಅಳಿಯನ ಕಣ್ಣಿದೆ ಎಂಬುದು ಬೇರೆ ಮಾತು. ದೂರು ಹೇಳಲು ಹೋದ ಅತ್ತಿಗೆಗೆ ಕುರ್ಚಿ ಕೊಟ್ಟರು, ಪಾನಕ ತರಿಸಿದರು.

"ದೂರು ವಿಸ್ತಾರವಾಗಿ ಬರೀರಿ ತಾಯಿ. ಫೋಟೋ, ವಿಡಿಯೊ, ಏನೇನಿದೆಯೋ ಎಲ್ಲಾ ಕಣಜಕ್ಕೆ ಹಾಕ್ರಿ. ದಿನಾ ಒಂದೊಂದು ಹಾಕ್ತಾ ಇದ್ರೆ ಮೇಲಿನವ್ರಿಗೂ ಬಿಸಿ ಮುಟ್ಟುತ್ತೆ."

ಅತ್ತಿಗೆ ಹಾಕಿದರು. ತಮ್ಮ ಮದುವೆಯ ವಿಡಿಯೊವನ್ನೂ ಬಿಡಲಿಲ್ಲ. ಕಣಜವೋ ಆಗಲೇ ತುಂಬಿತ್ತು. ಹೊಸದಕ್ಕೆ ಜಾಗವೆಂದರೆ ಈಚೆಗೆ ಖಾಲಿ ಎನಿಸಿಕೊಂಡ ಗೂಡುಗಳೇ. ಅಮ್ಮನ ದನಿಯ ಮೇಲೆ ಮಗಳ ದೂರೇ ತುಂಡು ತುಂಡಾಗಿ ಕೂರುತ್ತಿತ್ತು. ನನಗೆ ಅನುಮಾನ ಬಂದು, ಪರಿಚಯದ ರಿಪೇರಿಯವನಿಂದ ಗೂಡುಗಳನ್ನು ತಡಕಿಸಿದಾಗ ಸಿಕ್ಕಿದ್ದು "ನನ್ನ ತಾರಸಿ" ಎಂಬಷ್ಟು. ಯಾರಿಗೆ ಎಂಬ ತುಂಡು ಇನ್ನೂ ಉಳಿದಿದೆಯೋ, ಮದುವೆಯ ವಾಲಗದ ಅಡಿ ಸೇರಿತೋ ಗೊತ್ತಿಲ್ಲ. ಹುಡುಕಾಟ ನಡೆದಿದೆ. ನಮ್ಮ ಮನೆಯವರೆಲ್ಲ ಬರವಣಿಗೆ ಬಿಟ್ಟಿದ್ದೇವೆ. ಅಷ್ಟರಲ್ಲಿ ಗುರುಮಲ್ಲಪ್ಪನವರಿಗೆ ಇದ್ದಕ್ಕಿದ್ದಂತೆ ಸಾಹಿತ್ಯಪ್ರೇಮ ಉಕ್ಕಿದೆ: ಊರಿಗೆಲ್ಲ ಆತ್ಮಕಥೆಯ ಸ್ಪರ್ಧೆ, ಪುಟಮಿತಿ ಇಲ್ಲ.

ಅದಕ್ಕೇ ಈ ಪತ್ರವನ್ನು ಇಲ್ಲಿ ಇಡದೆ ನಿಮ್ಮ ಕಾಲಕ್ಕೆ ತಳ್ಳುತ್ತಿದ್ದೇನೆ. ಓದಿ, ಅನುಮಾನಪಡಿ, ಆದರೆ ದಯವಿಟ್ಟು ಉತ್ತರ ಬರೆಯಬೇಡಿ. ನಿಮ್ಮ ಒಂದು ಸಾಲಿನ ಸಾಂತ್ವನ ಬಂದು ಇಳಿಯುವ ಗೂಡಿನಲ್ಲೇ ಅಮ್ಮ "ಮಗಳಿಗೆ" ಎಂದಿರಬಹುದು.