ಅಪ್ಪ ಮೂಸಿ ನೋಡಿದ ಮರ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಎರಡು ಸಲ ಕಾಗದ ಹರಿದೆ. ಇದನ್ನು ಹರಿಯುವುದಿಲ್ಲ, ಪೂರ್ತಿ ಓದು.

ನೀನು ಬಂದುಹೋಗಿ ಹನ್ನೊಂದು ದಿನ. ಅವತ್ತಿನಿಂದ ಅಪ್ಪ ಉಳಿ ಮುಟ್ಟಿಲ್ಲ. ಅರ್ಧ ಕೂಡಿಸಿದ ಊಟದ ಮೇಜು ನಾಲ್ಕನೇ ಕಾಲಿಲ್ಲದೆ ಅಂಗಡಿಯ ಗೋಡೆಗೆ ಒರಗಿದೆ.

ಕಾಡು ಅಳೆಯುವ ಕೆಲಸ ನಿನ್ನದು, ಒಪ್ಪಿದೆ. ಆದರೆ ಮೇಜು ನೋಡಲು ಬಂದ ಗಿರಾಕಿಯ ಮುಂದೆಯೇ, "ಎಳೆ ನೋಡಿದ್ರೆ ಗೊತ್ತಾಗುತ್ತೆ, ಇದು ಮಳೆಕಾಡಿನ ಮರ. ಅಪ್ಪ ಸುಳ್ಳು ಹೇಳ್ತಿದಾರೆ" ಅನ್ನಬೇಕಿತ್ತೇ? ಅಪ್ಪ ಹೆರೆದ ಸಿಪ್ಪೆಯನ್ನು ಮೂಸಿ, "ನೆಟ್ಟು ಬೆಳೆಸಿದ ತೋಪಿನ ಮರಾನೇ ಕಣೋ, ವಾಸನೆ ಸಾಕು ನಂಗೆ" ಎಂದದ್ದಕ್ಕೆ ನೀನು ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ವಾರ್ನಿಷ್ ಘಾಟು ಕುಡಿದು ಕುಡಿದು ಅಪ್ಪನ ಮೂಗು ಸತ್ತು ಮೂರು ವರ್ಷವಾಯಿತು. ಮೂಸುವುದು ಬರೀ ಅಭ್ಯಾಸಬಲ. ಮರ ಯಾವುದೆಂದು ಹೇಳುವವಳು ನಾನು. ಗಿರಾಕಿಗಳಿಗೆ ತಿಳಿಯಬಾರದೆಂದು ನಿನಗೂ ಹೇಳಿರಲಿಲ್ಲ.

ಕಾಡು ಕಡಿದವರೆಲ್ಲ ಬಡಗಿಗಳೇನು? ದನ ಮೇಯಿಸಲು, ತಾಳೆ ಎಣ್ಣೆಯ ತೋಟ ಹಾಕಲು ಕಾಡು ಸುಟ್ಟವರ ಮನೆಗೆ ಹೋಗಿ ನಗು, ನೋಡೋಣ. ಅಜ್ಜ ಮಾಡಿದ ಬೆಂಚಿನ ಮೇಲೆ ಇವತ್ತಿಗೂ ಕೂರುತ್ತೇವೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ನಿನ್ನ ಕೋಣೆಯ ಕಪಾಟು ಎರಡೇ ವರ್ಷಕ್ಕೆ ಉಬ್ಬಿ ಬೀದಿ ಸೇರಿತು. ಅದರ ಮರ ಆಕಾಶದಿಂದ ಉದುರಿತ್ತೇ?

ನಿನ್ನ ಬಾಯಿ ಮುಚ್ಚಿಸಲೆಂದೇ ನಿನ್ನೆ ಮರದ ಡಿಪೊಗೆ ಹೋಗಿ, ಈ ದಿಮ್ಮಿ ಎಲ್ಲಿಯದೆಂದು ಬರೆದುಕೊಡಿ ಎಂದೆ. ಡಿಪೊದವನು ಹಲ್ಲು ಕಿರಿದ. "ಯಾವ ತೋಪಿನ ಹೆಸರು ಬೇಕು ಹೇಳಮ್ಮ, ಅದನ್ನೇ ಬರೀತೀನಿ." ಅಂದರೆ ಇದು ತೋಪಿನದಲ್ಲ, ಕಾಡಿನ ಮರವೆಂದು ನೀನು ಹೇಳಿದ್ದೇ ನಿಜ. ನಿಜ ಹೇಳಿದೆಯೆಂದು ನಿನ್ನ ಮೇಲಿನ ಸಿಟ್ಟೇನೂ ಇಳಿದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ಡಿಪೊದವನು ಆ ಮಾತು ಹೇಳಿದ್ದು ನಿನ್ನೆಯಲ್ಲ, ಎರಡು ವರ್ಷದ ಹಿಂದೆ. ಇಲ್ಲಿ ಬೇರೆ ಡಿಪೊ ಇಲ್ಲ. ಕಾಡಿನದೆಂದು ತಿಳಿದರೆ ಅಪ್ಪ ಮುಟ್ಟುವುದಿಲ್ಲ, ಅಂಗಡಿ ನಿಲ್ಲುತ್ತದೆ ಎಂಬ ಹೆದರಿಕೆಯಲ್ಲಿ ಹಲಗೆಯನ್ನು ಅವರ ಕೈಗಿಟ್ಟು, "ತೋಪಿನದೇ ಅಪ್ಪಾ" ಎಂದೆ. ಅವರು ಮೂಸಿ ತಲೆಯಾಡಿಸಿದರು. ಈಗ ದಿನಾ ಕೇಳುತ್ತಾರೆ, "ಅವನಿಗೆ ಯಾಕಮ್ಮ ನನ್ನ ಮೇಲೆ ನಂಬಿಕೆ ಇಲ್ಲ?" ಸುಳ್ಳು ಹೇಳಿದವಳು ನಾನು ಅನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.