ನಿಮಿಷಕ್ಕೆ ನೂರ ಎಂಬತ್ತಾರು

ಜನವರಿ ೨೭, ಮಂಗಳವಾರ. ಬೆಳಿಗ್ಗೆ ೭

ಇದನ್ನು ಬರೆಯದೆ ಬಿಡುವವಳಿದ್ದೆ. ದಿನದಂತೆ ಓಟದ ವಿವರ ಹಾಕಿ ಪುಟ ಮುಗಿಸಬಹುದಿತ್ತು. ಹೈಸ್ಕೂಲ್ ಫೀಲ್ಡ್, ಆರು ಸುತ್ತು, ಇಪ್ಪತ್ತು ನಿಮಿಷ. ವಾಚಿನಲ್ಲಿ ಹಾರ್ಟ್ ರೇಟ್ ೧೮೬. ಮೂರನೇ ದಿನವೂ ಅದೇ.

ಬರೆಯದೆ ಉಳಿಯುತ್ತಿದ್ದದ್ದು ಅಪ್ಪನ ವಿಷಯ. ಬಿಸಿಲು ಬಡಿದು ಹೋದ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಿಸಿಲು ಇದ್ದದ್ದು ನಿಜ. ಏಪ್ರಿಲ್, ಹೊಲ, ಮಟಮಟ ಮಧ್ಯಾಹ್ನ. ಆದರೆ ಅದಕ್ಕೆ ಮೂರು ತಿಂಗಳ ಮೊದಲು ನನ್ನನ್ನು ಹಾಸ್ಟೆಲ್ಲಿಗೆ ಬಿಡಲು ಬಂದವನು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಟ್ರಂಕಿನ ಮೇಲೆ ಕುಸಿದು ಕೂತಿದ್ದ. ಎದೆ ಹಿಡಿದುಕೊಂಡು. ಜನವರಿಯ ಚಳಿ, ಅಂಗಿ ಪೂರ್ತಿ ಒದ್ದೆ. ‘ಅವ್ವಂಗೆ ಹೇಳಬ್ಯಾಡ’ ಅಂದ. ಹೇಳಲಿಲ್ಲ. ನನಗಾಗ ಹದಿನೇಳು, ತಮ್ಮ ಮಾರುತೇಶನಿಗೆ ಹನ್ನೆರಡು. ಅಪ್ಪನಿಗೆ ನಲವತ್ತಾರು.

ಈಗ ನನಗೆ ನಲವತ್ತಾರು.

ಎಂಟರ ಬಸ್ಸಿಗೆ ತಡವಾಗುತ್ತದೆ. ಕುದಾಪುರದ ಕ್ಯಾಂಪಸ್ಸಿನಲ್ಲಿ ಲೈಬ್ರರಿ ಬಾಗಿಲು ನಾನೇ ತೆಗೆಯಬೇಕು.

ಜನವರಿ ೩೦, ಶುಕ್ರವಾರ

ಇವತ್ತು ನಮ್ಮ ಯಜಮಾನರು ಮೂರ್ತಿಯೂ ಫೀಲ್ಡಿಗೆ ಬಂದರು. ಹವಾಯಿ ಚಪ್ಪಲಿ, ಕೈಯಲ್ಲಿ ಟೀ ಲೋಟ. ಆಯಿಲ್ ಮಿಲ್ಲಿನ ಶಿಫ್ಟು ಮುಗಿಸಿ ನೇರ ಬಂದಿದ್ದರಿಂದ ಮೈಯೆಲ್ಲ ಶೇಂಗಾ ಹಿಂಡಿ ವಾಸನೆ. ವಾಚು ಅವರೇ ಕೊಡಿಸಿದ್ದು. ಈಗ ಅದನ್ನು ನೋಡಿದರೆ ಅವರಿಗೇ ಹೆದರಿಕೆ. ತೋರಿಸಿಕೊಳ್ಳುವುದಿಲ್ಲ.

‘ಎಷ್ಟೈತೆ?’

‘ನೂರ ಎಂಬತ್ನಾಲ್ಕು.’

‘ನಿನಗಿಂತ ನಿನ್ನ ವಾಚೇ ಜೋರಾಗಿ ಓಡ್ತಾ ಐತಲ್ಲೇ ಶಾಂತಾ.’

ನಕ್ಕೆ. ಅವರೂ ನಕ್ಕರು. ಮನೆಗೆ ಬಂದ ಮೇಲೆ ಫೋನಿನಲ್ಲಿ ಏನೋ ಹುಡುಕುತ್ತಿದ್ದರು. ಬಗ್ಗಿ ನೋಡಿದೆ. ‘ಹೆಂಗಸರಿಗೆ ಎದೆ ಬಡಿತ ಎಷ್ಟಿರಬೇಕು.’ ಒಳಗೆ ಹೋದೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆಯಬೇಕು ಎಂದು ನಾನೂ ಓದಿದ್ದೇನೆ. ಕಳೆದರೆ ೧೭೪. ಮಂಗಳವಾರದ ೧೮೬ ಅದಕ್ಕಿಂತ ಹನ್ನೆರಡು ಜಾಸ್ತಿ.

ಆ ಹನ್ನೆರಡು ಅಪ್ಪನ ಕಡೆಯಿಂದ ಬಂದದ್ದೇ?

ಫೆಬ್ರವರಿ ೪, ಬುಧವಾರ

ಡಾ. ಪ್ರೇಮಲತಾ ಹತ್ತಿರ ತೋರಿಸಿದೆ. ಇಸಿಜಿ ಮಾಡಿದರು, ಬಿಪಿ ನೋಡಿದರು. ನಿದ್ದೆ ಎಷ್ಟು, ಕಾಫಿ ಎಷ್ಟು, ನೀರು ಕುಡೀತೀರಾ, ತಿಂಗಳ ಮುಟ್ಟು ಹೇಗಿದೆ... ಎಲ್ಲಕ್ಕೂ ನೆಟ್ಟಗೆ ಉತ್ತರ ಕೊಟ್ಟೆ.

‘ಇನ್ನೂರ ಇಪ್ಪತ್ತರ ಲೆಕ್ಕ ಬರೀ ಅಂದಾಜು ಕಣ್ರೀ. ಸರಾಸರಿ ಅಷ್ಟೇ. ಒಬ್ಬರಿಗೆ ಹತ್ತು ಹೆಚ್ಚು, ಇನ್ನೊಬ್ಬರಿಗೆ ಹತ್ತು ಕಮ್ಮಿ. ಓಡುವಾಗ ಹಾರ್ಟ್ ಜೋರಾಗಿ ಬಡೀಲೇಬೇಕು, ಅದರ ಕೆಲಸ ಅದು. ಬಿಸಿಲಿದ್ರೆ, ನಿದ್ದೆ ಕೆಟ್ಟಿದ್ರೆ, ಮೈಯಲ್ಲಿ ರಕ್ತ ಕಮ್ಮಿ ಇದ್ರೆ ಇನ್ನೂ ಜೋರು. ಎದೆ ನೋವು, ತಲೆ ಸುತ್ತು, ಕಣ್ಣು ಕತ್ತಲೆ ಏನಾದ್ರೂ?’

‘ಇಲ್ಲ.’

‘ಓಡ್ತಾ ಮಾತಾಡಕ್ಕಾಗುತ್ತಾ?’

ಗೊತ್ತಿಲ್ಲ ಅಂದೆ. ಒಬ್ಬಳೇ ಓಡುವವಳು ಯಾರ ಜೊತೆ ಮಾತಾಡಲಿ.

‘ಪೂರ್ತಿ ವಾಕ್ಯ ಹೇಳಕ್ಕಾಗಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮ ವೇಗ ಜಾಸ್ತಿ ಆಯ್ತು ಅಂತ. ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್ ಇತ್ತಾ? ಅಪ್ಪ, ಅಮ್ಮ?’

‘ಇಲ್ಲ.’

ಎಷ್ಟು ಸಲೀಸಾಗಿ ಬಂತು. ಇಪ್ಪತ್ತೊಂಬತ್ತು ವರ್ಷ ಅಭ್ಯಾಸ ಮಾಡಿದ ಉತ್ತರ. ಅವರು ಟಿಕ್ ಹಾಕಿಕೊಂಡು ರಕ್ತ ಪರೀಕ್ಷೆಗೆ ಚೀಟಿ ಬರೆದರು. ಚೀಟಿ ಪರ್ಸಿನಲ್ಲೇ ಇದೆ.

ಫೆಬ್ರವರಿ ೮, ಭಾನುವಾರ

ತವರೂರು ಕೊಂಡ್ಲಹಳ್ಳಿಗೆ ಹೋಗಿ ಬಂದೆ. ಮಾರುತೇಶನಿಗೆ ಹೇಳಿಯೇ ಬರಬೇಕೆಂದು ಹೊರಟಿದ್ದೆ. ಅವ್ವ ಅವನ ಜೊತೆಯೇ ಇದ್ದಾಳೆ, ಪಕ್ಕದಿಂದ ಕದಲುವುದಿಲ್ಲ. ಸಂಜೆ ಬಂಡಿದಾರಿಯಲ್ಲಿ ಓಡಿ ಬರೋಣ ಬಾ ಅಂತ ಅವನನ್ನು ಎಳೆದುಕೊಂಡು ಹೋದೆ.

‘ಅಕ್ಕ, ದಿನಾ ಕುರಿ ಹಿಂದೆ ಓಡ್ತೀನಿ. ಕುರಿಗೂ ಒಂದೊಂದು ವಾಚ್ ಕೊಡ್ಸು ಹಂಗಾರೆ.’

ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಓಡಿದ. ನಲವತ್ತೊಂದು ವರ್ಷದ ಗಂಡಸು, ಹತ್ತು ವರ್ಷದವನ ಹಾಗೆ ತಿರುಗಿ ತಿರುಗಿ ನನ್ನನ್ನು ಅಣಕಿಸುತ್ತ. ಜಾಲಿಗಿಡದ ಹತ್ತಿರ ನಿಂತೆವು. ನನ್ನ ವಾಚು ೧೮೫. ಅವನ ಕತ್ತಿಗೆ ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ. ೧೪೦. ಕತ್ತು ಬಿಸಿಯಾಗಿತ್ತು, ಬೆವರಿತ್ತು. ಚಿಕ್ಕವನಿದ್ದಾಗ ಜ್ವರ ನೋಡಲು ಹೀಗೇ ಮುಟ್ಟುತ್ತಿದ್ದೆ. ಹೇಳಲು ಬಾಯಿ ತೆರೆದೆ —

‘ಈಗ ನಿಂದು ನಾನು ನೋಡ್ತೀನಿ, ಸುಮ್ಕಿರು’ ಅಂದ. ಮೊಬೈಲು ಹಿಡಿದು ಗಟ್ಟಿಯಾಗಿ ಎಣಿಸಿದ. ಮೂವತ್ತೇಳು. ನಾಲ್ಕರಿಂದ ಗುಣಿಸಿದರೆ ೧೪೮. ವಾಚಿನಲ್ಲಿ ಇನ್ನೂ ೧೮೫!

‘ನಿನ್ನ ವಾಚಿಗೆ ತಲೆ ಕೆಟ್ಟೈತೆ. ಆ ಕೈಗೆ ಕಟ್ಟು ನೋಡಣ.’

ಎಡಗೈಯಿಂದ ಬಿಚ್ಚಿದೆ. ಕೆಳಗೆ ಹಚ್ಚೆ. ಒಂಬತ್ತನೇ ವಯಸ್ಸಿನ ಬೇಸಿಗೆ ರಜೆಯಲ್ಲಿ ಅಜ್ಜಿ ಹಾಕಿಸಿದ್ದು — ಒಂದು ತುಳಸಿ ಕಟ್ಟೆ, ಸುತ್ತ ದಟ್ಟವಾಗಿ ಚುಕ್ಕಿ, ಮಣಿಕಟ್ಟಿನ ಮೇಲ್ಭಾಗ ಪೂರ್ತಿ ಹಸಿರು. ರಜೆ ಮುಗಿಸಿ ಕಾನ್ವೆಂಟಿಗೆ ಹೋದಾಗ ಹುಡುಗಿಯರು ಉಜ್ಜಿ ಉಜ್ಜಿ ನೋಡಿದ್ದರು, ಹೋಗುತ್ತದಾ ಅಂತ. ಮೊದಲ ಸಂಬಳದಿಂದ ಇವತ್ತಿನವರೆಗೂ ಅದರ ಮೇಲೆ ಅಗಲ ಪಟ್ಟಿಯ ವಾಚು.

ಬಲಗೈಗೆ ಕಟ್ಟಿ ಮತ್ತೆ ಓಡಿದೆ. ೧೫೧. ಬೆರಳಿಟ್ಟು ಎಣಿಸಿದರೂ ಸರಿಸುಮಾರು ಅಷ್ಟೇ.

‘ನೋಡ್ದಾ? ನಾನು ಎಂಬಿಬಿಎಸ್ಸು’ ಅಂದ ಮಾರುತೇಶ. ಹೇಳಬೇಕೆಂದಿದ್ದ ಮಾತು ನುಂಗಿಕೊಂಡೆ.

ಫೆಬ್ರವರಿ ೯, ಸೋಮವಾರ

ವಾಚಿನ ಡಬ್ಬಿಯಲ್ಲಿದ್ದ ಕಾಗದ ಓದಿದೆ. ಇರುವೆಯಂಥ ಅಕ್ಷರ. ಹಸಿರು ಬೆಳಕು ಚರ್ಮದೊಳಗೆ ಹೋಗಿ ರಕ್ತದ ಏರಿಳಿತ ನೋಡುತ್ತದಂತೆ. ಹಚ್ಚೆಯಿದ್ದರೆ ಶಾಯಿ ಬೆಳಕನ್ನು ತಡೆದು ಲೆಕ್ಕ ತಪ್ಪಬಹುದಂತೆ. ಪಟ್ಟಿ ಸಡಿಲವಿದ್ದರೂ ಹಾಗೇ. ಕೆಲವು ಸಲ ಹೆಜ್ಜೆಯ ಕುಲುಕಾಟವನ್ನೇ ಎದೆಬಡಿತ ಎಂದುಕೊಳ್ಳುತ್ತದಂತೆ.

ನಗು ಬಂತು. ಮೂರ್ತಿಗೆ ತೋರಿಸಿದೆ. ‘ನಿಮ್ಮಜ್ಜಿ ಹೋಗಿ ಎಷ್ಟೋ ವರ್ಷ ಆತು, ಇನ್ನೂ ನಮ್ಮನ್ನ ಹೆದರಿಸ್ತಾಳಲ್ಲ’ ಅಂದರು. ರಾತ್ರಿ ಅವರು ಎರಡು ಮುದ್ದೆ ಊಟ ಮಾಡಿದರು. ವಾರದಿಂದ ಒಂದೇ ಉಣ್ಣುತ್ತಿದ್ದರು. ನಾನು ಗಮನಿಸಿರಲಿಲ್ಲ.

ಹಾಗಾದರೆ ಏನೂ ಇಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಫೆಬ್ರವರಿ ೨೫, ಬುಧವಾರ

ಹದಿನಾರು ದಿನ ಬರೆದಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ವಾಚು ಬಲಗೈಯಲ್ಲೇ ಇದೆ. ಈಗ ಮೂರ್ತಿ ಪಕ್ಕದಲ್ಲೇ ಓಡುತ್ತಾರೆ. ನಾನು ಮಾತಾಡಬಲ್ಲೆನೋ ಇಲ್ಲವೋ ಪರೀಕ್ಷೆ ಮಾಡುವುದು ಅವರ ಡ್ಯೂಟಿ. ‘ತಿಂಡಿ ಏನು?’ ಅಂತಾರೆ. ‘ಉಪ್ಪಿಟ್ಟು’ ಅಂದರೆ ಒಪ್ಪುವುದಿಲ್ಲ. ‘ಒಂದೇ ಮಾತಾತು, ನಿಧಾನ. ಉಪ್ಪಿಟ್ಟು ಹೆಂಗೆ ಮಾಡ್ತೀಯ ಪೂರ್ತಿ ಹೇಳು.’ ಈರುಳ್ಳಿ ಹೆಚ್ಚುವ ಹೊತ್ತಿಗೇ ನನಗೆ ಏದುಸಿರು. ನಿಜವಾದ ನಂಬರೇ ೧೬೦ ದಾಟುತ್ತದೆ, ನಡಿಗೆಗಿಂತ ಸ್ವಲ್ಪವೇ ಜೋರು ಹೋದರೂ. ಲೈಬ್ರರಿಯ ಮೆಟ್ಟಿಲು ಹತ್ತಿದರೂ ಉಸಿರು ಹಿಡಿಯುತ್ತದೆ.

ಸುಳ್ಳು ಹೇಳಿದ್ದು ವಾಚೊಂದೇ ಅಲ್ಲ.

ಇನ್ನೊಂದು ಯೋಚನೆ ಬಿಡುತ್ತಿಲ್ಲ. ನನ್ನ ಹಾರ್ಟು ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳೋಣ. ಅದರಿಂದ ಮಾರುತೇಶನದೂ ಚೆನ್ನಾಗಿದೆ ಎಂದಾಗುತ್ತದಾ? ಅವನೂ ಅಪ್ಪನ ಮಗನೇ. ಅಪ್ಪನಿಗೆ ಬಿಸಿಲು ಬಡಿಯಿತೆಂದು ನಂಬಿ ಅವನು ತಲೆಗೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಾನೆ. ಅಷ್ಟೇ ಅವನ ಜಾಗ್ರತೆ.

ಸಂಜೆ ಡಾಕ್ಟರ್ ಹತ್ತಿರ ಮತ್ತೆ ಹೋದೆ. ರಕ್ತ ಕೊಟ್ಟೆ. ಆಮೇಲೆ ಹೇಳಿದೆ. ಬಸ್ ಸ್ಟ್ಯಾಂಡು, ಟ್ರಂಕು, ಎಲ್ಲ. ಅವರು ಪೆನ್ನು ಕೆಳಗಿಟ್ಟರು.

‘ಆಗ ಯಾರೂ ಪರೀಕ್ಷೆ ಮಾಡಿಲ್ಲ. ಹಾರ್ಟೇ ಅಂತ ಈಗ ಹೇಳಕ್ಕಾಗಲ್ಲ. ಆದ್ರೆ ಹಾರ್ಟ್ ಅಂತಲೇ ಇಟ್ಕೊಂಡು ನಡೀಬೇಕು. ನಿಮಗೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸೋಣ, ಅಲ್ಲೀತನಕ ಓಟ ಬೇಡ. ಅಣ್ಣ ತಮ್ಮ ಯಾರಾದ್ರೂ ಇದ್ದಾರಾ?’

‘ಒಬ್ಬ ತಮ್ಮ.’

‘ಅವರನ್ನೂ ಕರ್ಕೊಂಡು ಬನ್ನಿ.’

ಮಾರ್ಚ್ ೩, ಮಂಗಳವಾರ

ಚಿತ್ರದುರ್ಗದಲ್ಲಿ ಟೆಸ್ಟ್ ಆಯಿತು. ಎದೆಯ ತುಂಬ ವೈರು, ಕೆಳಗೆ ಓಡುವ ಪಟ್ಟೆ. ಗಾಜಿನ ಬಳೆ ಬಿಚ್ಚಿ ಮೂರ್ತಿ ಕೈಗೆ ಕೊಟ್ಟೆ. ಹೊರಗೆ ಬಂದಾಗ ಎಂಟೂ ಬಳೆ ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ಜೇಬಿಗೆ ಹಾಕಿದರೆ ಒಡೆಯುತ್ತವೆಂದು.

ನಾರ್ಮಲ್. ಎರಡು ಸಲ ಓದಿದೆ. ನಿಲ್ಲಿಸಿದ ಒಂದು ನಿಮಿಷದಲ್ಲಿ ಬಡಿತ ಚೆನ್ನಾಗಿ ಇಳಿದಿದೆ, ಅದೂ ಒಳ್ಳೆಯದಂತೆ. ಹಿಮೋಗ್ಲೋಬಿನ್ ಮಾತ್ರ ೯.೪. ರಕ್ತ ಕಮ್ಮಿ, ಅದಕ್ಕೇ ಹಾರ್ಟು ದುಪ್ಪಟ್ಟು ದುಡಿಯುತ್ತಿದೆ. ಕಬ್ಬಿಣದ ಮಾತ್ರೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದಕ್ಕೆ ಬೇರೆ ಡಾಕ್ಟರು. ಸದ್ಯಕ್ಕೆ ನಡಿಗೆ, ಮಧ್ಯೆ ಮಧ್ಯೆ ಒಂದು ನಿಮಿಷ ಓಟ.

ಬಸ್ಸಿನಲ್ಲಿ ಮೂರ್ತಿಗೆ ಅಪ್ಪನ ವಿಷಯ ಹೇಳಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಕಿಟಕಿ ಕಡೆ ನೋಡುತ್ತ ಕೇಳಿದರು. ಆಮೇಲೆ ಬಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಏರಿಸುತ್ತ ಅಂದರು, ‘ಇಷ್ಟು ವರ್ಷ ಹೊತ್ಕಂಡು ಓಡಿದ್ರೆ ಯಾರ ಎದೆಯಾದ್ರೂ ಹೊಡ್ಕಂತೈತೆ.’ ಏರಿಸುವಾಗ ಒಂದು ಬಳೆ ಅವರ ಕೈಯಲ್ಲೇ ಒಡೆಯಿತು.

ಮಾರ್ಚ್ ೮, ಭಾನುವಾರ

ಮಾರುತೇಶ ಮೊಳಕಾಲ್ಮೂರಿಗೆ ಹೋಗಿದ್ದ. ಅವ್ವ ಒಬ್ಬಳೇ, ಮೊರದಲ್ಲಿ ಶೇಂಗಾ ಆರಿಸುತ್ತ. ಎದುರು ಕೂತು ನಾನೂ ಆರಿಸಿದೆ. ತಲೆಯೆತ್ತದೆ ಹೇಳಿಬಿಟ್ಟೆ. ಅಳುತ್ತಾಳೆ ಅಂದುಕೊಂಡಿದ್ದೆ. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಳು, ಗೋಡೆಯ ಮೇಲಿದ್ದ ಅಪ್ಪನ ಫೋಟೋಗೆ.

‘ಏನ್ ಮನ್ಷ್ಯ ನೀನು? ಬುದ್ಧಿ ಬ್ಯಾಡ್ವಾ? ಓದೋ ಕೂಸಿನ ತಲೆ ಮ್ಯಾಲೆ ಹೊರ್ಸಿ ಹೋಗಿದ್ದೀಯಲ್ಲ! ನಂಗೆ ಹೇಳಿದ್ರೆ ತಿಂದ್‌ಬಿಡ್ತಿದ್ನಾ ನಿನ್ನ? ಎತ್ಕಂಡೋಗಿ ದೊಡ್ಡಾಸ್ಪತ್ರೆಗೆ ಹಾಕ್ತಿದ್ದೆ.’

ನಾಲ್ಕೈದು ಶೇಂಗಾ ಫೋಟೋದ ಕಡೆಗೆ ಎಸೆದೇಬಿಟ್ಟಳು. ಆಮೇಲೆ ಎದ್ದು ಹೋಗಿ ಅವನ್ನೇ ಹೆಕ್ಕಿದಳು, ಸೆರಗಿನಿಂದ ಗಾಜು ಒರೆಸಿದಳು. ಬೆನ್ನು ನನ್ನ ಕಡೆ ಇತ್ತು. ಬಹಳ ಹೊತ್ತು ಒರೆಸಿದಳು.

‘ನಾನು ಆಗಲೇ ಹೇಳಬೇಕಿತ್ತು ಅವ್ವ.’

‘ನಾ ತಲ್ಲೀ, ನನ್ನ ತಾಯೀ... ನೀನು ಅಪ್ಪನ ಮಾತು ಕೇಳ್ದೆ. ತಪ್ಪು ಹೇಳ್ದೋನ್ದು, ಕೇಳ್ದೋಳ್ದಲ್ಲ.’ ತಿರುಗಿದಳು. ‘ಹುಡುಗಂಗೆ ಹೇಳು. ಎದುರಿಗೆ ಹೇಳಿದ್ರೆ ನಗಾಡ್ತಾನೆ. ಫೋನ್‌ನಾಗೆ ಹೇಳಿದ್ರೆ ಕಟ್ ಮಾಡ್ತಾನೆ. ಕಾಗದ ಬರಿ. ಕಾಗದದ ಬಾಯಿ ಮುಚ್ಸಕ್ಕೆ ಅವನ ಕೈಲಾಗಲ್ಲ.’

ಅವಳು ಹೇಳಿದ್ದರಲ್ಲಿ ಅರ್ಧವನ್ನಾದರೂ ನಂಬಲು ಪ್ರಯತ್ನಿಸುತ್ತಿದ್ದೇನೆ.

ಮಾರ್ಚ್ ೧೪, ಶನಿವಾರ. ಸಂಜೆ

ಕಾಗದ ಮುಗಿಯಿತು. ನಾಲ್ಕನೇ ಸಲ ಬರೆದದ್ದು. ಮೊದಲನೆಯದು ಆಫೀಸ್ ಪತ್ರದಂತಿತ್ತು. ಎರಡನೆಯದರ ತುಂಬ ಕ್ಷಮೆ — ಓದಿದರೆ ಅವನೇ ನನ್ನನ್ನು ಸಮಾಧಾನ ಮಾಡಲು ಕೂರುತ್ತಿದ್ದ, ಡಾಕ್ಟರನ್ನು ಮರೆಯುತ್ತಿದ್ದ. ಮೂರನೆಯದು ಉದ್ದವಾಯಿತು. ಇದು ಒಂದೇ ಹಾಳೆ. ‘ಮಾರುತಿ, ಎರಡು ನಿಮಿಷ ನಗಬೇಡ’ ಎಂದು ಶುರು. ಅಪ್ಪನಿಗೆ ಏನಾಗಿತ್ತು, ನನಗೆ ಯಾವಾಗ ಗೊತ್ತಿತ್ತು, ಯಾಕೆ ಹೇಳಲಿಲ್ಲ. ಇಪ್ಪತ್ತೆಂಟನೇ ತಾರೀಖು ಶನಿವಾರ ಹತ್ತೂವರೆಗೆ ಡಾಕ್ಟರು ನೋಡುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ನಾನೇ ಕಾಯುತ್ತಿರುತ್ತೇನೆ. ಅದಕ್ಕೆ ಮೊದಲು ಎದೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಅನ್ನಿಸಿದರೂ ಆ ಕ್ಷಣವೇ ಆಸ್ಪತ್ರೆ, ಆಮೇಲೆ ನನಗೆ ಫೋನು.

ಓದಿ ಕೋಪ ಮಾಡಿಕೊಳ್ಳಬಹುದು. ಮಾತು ಬಿಡಬಹುದು. ಬಿಟ್ಟರೂ ಟೆಸ್ಟಿಗೆ ಬಂದರೆ ಸಾಕು. ನಿಜವಾಗಿ ಸಾಕಾ? ಸಾಕು.

ಮೂರ್ತಿ ಲಕೋಟೆ ಅಂಟಿಸಿ ವಿಳಾಸ ಬರೆದರು, ನನ್ನ ಕನ್ನಡ ಅಕ್ಷರ ಪೋಸ್ಟ್‌ಮ್ಯಾನಿಗೆ ತಿಳಿಯುವುದಿಲ್ಲವಂತೆ. ಯಾವಾಗ ಹಾಕ್ತೀಯ ಅಂದರು. ಗುರುವಾರ ಯುಗಾದಿ. ಹಬ್ಬದ ಮನೆಗೆ ಇದು ಬೇಡ, ಹಬ್ಬ ಕಳೆಯಲಿ ಅಂದೆ. ಅಂಚೆಗೆ ಹಾಕುವ ದಿನ ಇಲ್ಲೂ ಮಾರ್ಚ್ ೨೩ ಎಂದೇ ಬರೆದಿದ್ದೆ. ಈಗ ಹೊಡೆದು ಹಾಕಿದೆ.

ಈ ಸೋಮವಾರವೇ ಅಂಚೆಗೆ. ಮಾರ್ಚ್ ೧೬.